ಹನ್ನೊಂದು ಬಾನಿ, ಒಂದು ದೋಣಿ

ನಮ್ಮೂರಿನಲ್ಲಿ ಬಳಸಿ ಚೆಲ್ಲಿದ ನೀರು ಮೂರನೆಯ ಮುಂಜಾನೆ ಚೆಲ್ಲಿದವರ ಹೊಸ್ತಿಲಿಗೆ ಮರಳಿ ಬರುತ್ತದೆ. ಬರುತ್ತಿತ್ತು ಎನ್ನಬೇಕು, ನಾಲಿಗೆಗೆ ಇನ್ನೂ ರೂಢಿಯಾಗಿಲ್ಲ. ಸ್ನಾನದ ನೀರಿರಲಿ, ಮುಸುರೆ ತಿಕ್ಕಿದ ನೀರಿರಲಿ, ಕೂಸಿನ ಬಟ್ಟೆ ಜಾಲಿಸಿದ ನೀರಿರಲಿ, ಹರದಾರಿ ದೂರ ಹೊತ್ತು ಚೆಲ್ಲಿ ಬಂದರೂ ಅಷ್ಟೆ. ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಓಣಿ ಹಿಡಿದು ಬಂದು, ಬೇರೆಯವರ ಬಾಗಿಲನ್ನು ತಪ್ಪಿಯೂ ಮುಟ್ಟದೆ, ತನ್ನ ಮನೆಯ ಮುಂದೆ ನಿಲ್ಲುತ್ತಿತ್ತು. ಹೋಗುವಾಗ ಇದ್ದದ್ದಕ್ಕಿಂತ ಕಪ್ಪಾಗಿ, ಹೆಚ್ಚು ನಾರುತ್ತ ಬರುತ್ತಿತ್ತು. ಅದಕ್ಕೇ ಪ್ರತಿ ಬಾಗಿಲ ಮುಂದೆ ಒಂದು ಗುಂಡಿ. ಬಿಸಿಲು ಎಷ್ಟು ಕುಡಿಯಿತೋ ಅಷ್ಟು ಲಾಭ. ಮಂಗಳವಾರ, ಶನಿವಾರ ಮಾತ್ರ ಮೈ ತೊಳೆಯುತ್ತಿದ್ದೆವು. ತಟ್ಟೆ ತೊಳೆಯುವ ನೀರು ಉಳಿಯಲೆಂದು ಮುತ್ತುಗದ ಎಲೆಯಲ್ಲಿ ಉಣ್ಣುತ್ತಿದ್ದೆವು. ಬಾಗಿಲಿಗೆ ರಂಗೋಲಿ ಹಾಕುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ. ರಂಗೋಲಿ ಹುಡಿ ಮಾರುವವನು ನಮ್ಮೂರ ಅಗಸೆ ಬಾಗಿಲವರೆಗೆ ಬಂದು, ಮೂಗು ಮುಚ್ಚಿಕೊಂಡು ಪಕ್ಕದ ಊರಿಗೆ ಹೋಗುತ್ತಿದ್ದ.

ನೀರಿಗೆ ಒಂದು ಹಟವಿತ್ತು. ಬಳಸಿದವರು ಯಾವ ಮನೆಯನ್ನು ತಮ್ಮದು ಅಂದುಕೊಂಡಿದ್ದಾರೋ ಅಲ್ಲಿಗೇ ಹೋಗುತ್ತಿತ್ತು. ಹೊಸ ಸೊಸೆ ಮಿಂದ ನೀರು ತಿಂಗಳುಗಟ್ಟಲೆ ತವರಿಗೇ ಹರಿಯುತ್ತಿತ್ತು. ಅಲ್ಲಿ ತಾಯಿ ಬೆಳಗ್ಗೆ ಬಾಗಿಲು ತೆಗೆದು, ಅರಿಸಿನದ ವಾಸನೆಯ ನೀರು ಕಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ನೀರು ಬರುವುದು ನಿಂತ ದಿನ ಮಗಳು ಅಲ್ಲಿ ಬೇರು ಬಿಟ್ಟಳೆಂದು ಸಕ್ಕರೆ ಹಂಚುತ್ತಿದ್ದಳು. ಒಮ್ಮೆ ಸರಕಾರದಿಂದ ಇಂಜಿನಿಯರು ಬಂದರು. ಕೆರೆಯಾಚೆಯ ಹಳ್ಳದವರೆಗೆ ಮನೆಗೊಂದರಂತೆ ಬೇರೆ ಬೇರೆ ಸಿಮೆಂಟು ಕೊಳವೆ ಹಾಕಿಸಿದರು, ಉದ್ಘಾಟನೆ ಮಾಡಿ ಕೈ ತೊಳೆದುಕೊಂಡು ಹೋದರು. ಮೂರನೆಯ ದಿನ ನಮ್ಮ ನೀರು ನಮ್ಮ ಮನೆಗೆ ಬಂತು. ಅವರು ಕೈ ತೊಳೆದ ನೀರು ಮೂವತ್ತು ಮೈಲಿ ನಡೆದು ಅವರ ಬಂಗಲೆಯ ಮೆಟ್ಟಿಲು ಹತ್ತಿತು. ಅವರು ವರ್ಗ ಮಾಡಿಸಿಕೊಂಡರು. ಹೂಳದೆ ಉಳಿದ ಕೊಳವೆಗಳು ಅಗಸೆಯ ಪಕ್ಕದಲ್ಲಿ ಬಿದ್ದುಕೊಂಡವು.

ನಾನು ಸಿಂಪಿಗರ ಗುರುಪಾದ. ನಾಲ್ಕು ಓಣಿಗಳು ಕೂಡುವ ಕಟ್ಟೆಯ ಎದುರಿಗೆ ನನ್ನ ಹೊಲಿಗೆ ಯಂತ್ರ. ಊರಿನ ಸುದ್ದಿಯೆಲ್ಲ ನನ್ನ ಕಿವಿಗೆ ಬಿದ್ದೇ ಮುಂದೆ ಹೋಗುತ್ತದೆ, ಆದರೆ ಬಾಯಿಗೆ ಹೊಲಿಗೆ ಹಾಕಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅದು ಗುಣವೆಂದು ನಾನು ಬಹಳ ದಿನ ತಿಳಿದಿದ್ದೆ. ಅದು ಹೇಡಿತನ ಎಂದು ನನಗೆ ತಿಳಿದದ್ದು ಮಡಿವಾಳರ ತಂಗೆವ್ವನಿಂದ.

ತಂಗೆವ್ವ ಗಂಡ ಸತ್ತ ಮೇಲೆ ಒಬ್ಬಳೇ ಹನ್ನೊಂದು ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಅದಕ್ಕೊಂದು ಕಟ್ಟಳೆ ಇತ್ತು. ಕೆರೆಯ ದಂಡೆಯಲ್ಲಿ ಹನ್ನೊಂದು ಮಣ್ಣಿನ ಬಾನಿಗಳು ಸಾಲಾಗಿ ಕೂತಿದ್ದವು. ಮೊದಲನೆಯದು ರಾಯನಗೌಡರದು, ಕೊನೆಯದು ಚರ್ಮ ಹದ ಮಾಡುವ ದುರಗಪ್ಪನದು. ನಡುವಿನ ಒಂಬತ್ತು ಮನೆಯವರು ಯಾರ ಬಾನಿ ಯಾರ ಮುಂದೆ ಎಂದು ಎರಡು ತಲೆಮಾರು ಜಗಳಾಡಿ ಗೊತ್ತುಮಾಡಿಕೊಂಡಿದ್ದರು. ಒಬ್ಬರ ಬಟ್ಟೆ ಇನ್ನೊಬ್ಬರ ಬಾನಿಗೆ ಬೀಳುವಂತಿಲ್ಲ. ಇನ್ನು ಊರಿಗೆ ಊರೇ ಬೆರಗಾಗುತ್ತಿದ್ದ ಸಂಗತಿ ಬೇರೆ ಇತ್ತು. ತಂಗೆವ್ವ ಒಗೆದ ನೀರು ಯಾರ ಬಾಗಿಲಿಗೂ ಬರುತ್ತಿರಲಿಲ್ಲ. ಕೆರೆಯ ಮೂಲೆಯಲ್ಲಿ ನಿಂತು, ಅಲ್ಲಿಯ ಜೊಂಡಿನ ಬುಡದಲ್ಲಿ ಹಾದು, ಆಚೆ ಕಡೆ ಕಪ್ಪೆಯ ಕಣ್ಣು ಕಾಣುವಷ್ಟು ತಿಳಿಯಾಗುತ್ತಿತ್ತು. ಅದು ಆ ಮನೆತನದ ಕೈಗುಣ ಎಂದು ಎಲ್ಲರೂ ನಂಬಿದ್ದರು. ಸುಗ್ಗಿಯಲ್ಲಿ ಅವಳಿಗೆ ಕೂಲಿಯ ಕಾಳಿನ ಜೊತೆ ಕೈಗುಣದ ಕಾಳು ಎಂದು ಒಂದು ಸೇರು ಹೆಚ್ಚಿಗೆ ಹಾಕುತ್ತಿದ್ದರು. ಮದುವೆಯಲ್ಲಿ ಮದುಮಗಳ ನೆತ್ತಿಗೆ ಮೊದಲು ಅವಳ ಕೈ ಮುಟ್ಟಿಸುತ್ತಿದ್ದರು. ಕೆರೆ ದಂಡೆಯ ಗುಡಿಸಲಲ್ಲಿ ಒಂಟಿಯಾಗಿದ್ದ ಹೆಂಗಸಿಗೆ ಇದ್ದ ಮಾನ ಅದೊಂದೇ.

ಆ ಕೈಗುಣದ ಮೇಲೆ ನನಗೆ ಅನುಮಾನವಿತ್ತು. ಒಮ್ಮೆ ಗೌಡರ ಅಂಗಿ ರಿಪೇರಿಗೆ ಬಂದಾಗ ಜೇಬಿನ ಹೊಲಿಗೆಯ ಸಂದಿನಲ್ಲಿ ಚರ್ಮದ ಸಣ್ಣದೊಂದು ಚೂರು ಸಿಕ್ಕಿತ್ತು, ಸುಣ್ಣದಲ್ಲಿ ನೆನೆದು ಬೆಳ್ಳಗಾದದ್ದು. ಅಂಥ ಚೂರು ದುರಗಪ್ಪನ ಅಂಗಳದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ನಾನು ಅದನ್ನು ಚಿಮಟಿಯಲ್ಲಿ ತೆಗೆದು ಎಸೆದು, ಜೇಬು ಹೊಲಿದು, ಬಾಯಿಯನ್ನೂ ಹೊಲಿದುಕೊಂಡೆ.

ಕಳೆದ ಮಳೆಗಾಲದಲ್ಲಿ ಗುಂಡಿಗಳು ಉಕ್ಕಿದವು. ಒಂದೇ ವಾರದಲ್ಲಿ ಹದಿನೆಂಟು ಮಕ್ಕಳಿಗೆ ವಾಂತಿಭೇದಿ. ದುರಗಪ್ಪನ ಎಂಟು ತಿಂಗಳ ಮೊಮ್ಮಗಳು ಬಾಳೆಸುಳಿಯಂತೆ ಬಾಡಿಹೋದಳು. ನರ್ಸಬಾಯಿ ಮೂರು ಹಗಲು ಕೂಸಿನ ಬಾಯಿಗೆ ಹನಿ ಹನಿಯಾಗಿ ಸಕ್ಕರೆ ಉಪ್ಪಿನ ನೀರು ಬಿಟ್ಟು ಉಳಿಸಿಕೊಂಡರು. ಆ ಮೂರು ದಿನ ಕೂಸಿನ ಬಟ್ಟೆಗಳನ್ನು ಒಗೆದವಳು ತಂಗೆವ್ವ. ಒಗೆದು ಕೊಟ್ಟು ಬರುವಾಗ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. "ಗುರುಪಾದಣ್ಣ, ನನ್ನ ಹೊಟ್ಯಾಗ ಒಂದು ಮಾತ ಐತಿ. ಹೇಳಿದ್ರ ನಾ ಸತ್ತಂಗ, ಹೇಳದಿದ್ರ ಕೂಸುಗಳು ಸಾಯತಾವ," ಅಂದಳು. ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಚಹಾ ತರಿಸಲೇನವ್ವ ಎಂದು ಕೇಳಿದೆ. ಅವಳು ಬೇಡವೆಂದು ಎದ್ದು ಹೋದಳು.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಕಾಗದ ಬಂತು. ಯುಗಾದಿಯೊಳಗೆ ಗುಂಡಿಗಳು ಹೋಗಬೇಕು, ಇಲ್ಲದಿದ್ದರೆ ಊರಿಗೆ ಊರೇ ಹೆದ್ದಾರಿಯ ಪಕ್ಕದ ತಗಡಿನ ಷೆಡ್ಡುಗಳಿಗೆ ಹೋಗಬೇಕು. ಗೌಡರು ಕಟ್ಟೆಯ ಮೇಲೆ ಸಭೆ ಕರೆದರು. ಓಣಿಗೊಂದು ಮಾತು ಬಂತು. ಕೊನೆಗೆ ಗೌಡರೇ ಎದ್ದು, ಎಲ್ಲರಿಗೂ ಹೊಳೆಯಬೇಕಾಗಿದ್ದ ಉಪಾಯ ತಮಗೆ ಹೊಳೆದ ಹೆಮ್ಮೆಯಿಂದ ಮೀಸೆ ಸವರಿಕೊಂಡರು.

"ಹನ್ನೊಂದು ಮನೀ ನೀರು ಹಿಡಿಯೂ ಕೈ ಅರವತ್ತು ಮನೀದು ಹಿಡಿಯಂಗಿಲ್ಲೇನು? ತಂಗೆವ್ವಾ, ನಾಳಿಂದ ನೀ ಮನೀ ಮನೀ ಗುಂಡ್ಯಾಗ ಕೈ ಇಡು. ನಿನ್ನ ಕೈಗುಣದಿಂದ ಊರು ಉಳೀಲಿ. ಕೆರೀ ಕೆಳಗಿನ ಎರಡೆಕರೆ ನಿನ್ನ ಹೆಸರಿಗೆ ಬರೀತೀನಿ."

ಜನ ಚಪ್ಪಾಳೆ ತಟ್ಟಿದರು. ಹೆಂಗಸರು ಅವಳನ್ನು ಮುಂದಕ್ಕೆ ನೂಕಿದರು. ಯಾರೋ ಅವಳ ಕೊರಳಿಗೆ ಹಾಕಲು ಹೂವಿನ ಮಾಲೆಯನ್ನೂ ತಂದರು. ತಂಗೆವ್ವ ಮಾಲೆಯನ್ನು ಕೈಯಲ್ಲಿ ತಡೆದು, ಸೋಪಿನಲ್ಲಿ ಬಿರಿದು ಹೋಗಿದ್ದ ಆ ಎರಡೂ ಅಂಗೈಗಳನ್ನು ಜನಕ್ಕೆ ತೋರಿಸಿದಳು. "ಇದರಾಗ ಏನೂ ಇಲ್ರಿ," ಅಂದಳು. "ಕೈಗುಣ ಅಂಬೂದು ಸುಳ್ಳು. ನಮ್ಮತ್ತಿ ಸಾಯೂ ಮುಂದ ನನಗ ಹೇಳಿದ್ದು ಒಂದ ಮಾತು. ಬಾನಿ ಹನ್ನೊಂದು ಇರಲಿ, ಮಂದಿಗೆ ತೋರಸಾಕ. ಅರಿವಿ ಮಾತ್ರ ಜೊಂಡಿನ ಹಿಂದ ಕಲ್ಲು ಕಡದ ದೊಡ್ಡ ತೊಟ್ಟಿ ಐತೆಲ್ಲ, ಆ ಕಲ್ಲುದೋಣ್ಯಾಗ ಎಲ್ಲಾರದೂ ಕೂಡಿಸಿ ತೊಳೀ. ಬ್ಯಾರೆ ಬ್ಯಾರೆ ತೊಳದ್ರ ನೀರು ಮನೀ ಹುಡುಕ್ಕೋತ ಹೋಗತೈತಿ. ಕೂಡಿಸಿದ್ರ ಅದಕ್ಕ ಯಾರ ಮನೀಗೆ ಹೋಗಬೇಕು ತಿಳಿಯಂಗಿಲ್ಲ. ಏರೀ ತನಕಾ ಬಂದು, ನಿಂತು, ಹೊಳ್ಳಿ ಹೋಗತೈತಿ. ಎಲ್ಲಾರ ಬಚ್ಚಲಾ ಒಂದು ಮಾಡ್ರಿ, ನೀರು ನಿಲ್ಲತೈತಿ."

ಗೌಡರು ನಿಧಾನವಾಗಿ ಕೇಳಿದರು, "ನನ್ನ ಧೋತರ ಯಾವ ಬಾನ್ಯಾಗ ತೊಳೀತಿದ್ದಿ?"

"ದೋಣ್ಯಾಗ್ರಿ."

"ದುರಗಪ್ಪನ ಅರಿವಿ?"

"ಅದೂ ಅದರಾಗರಿ. ಮೂವತ್ತೆರಡು ವರ್ಷದಿಂದ. ನಮ್ಮತ್ತಿ ಕಾಲದಿಂದ ಎಣಿಸಿದ್ರ ಇನ್ನೂ ಹಿಂದ."

ಸಭೆ ಎದ್ದು ನಿಂತಿತು. ಮೋಸಗಾತಿ ಎಂದರು, ಮಡಿ ಕೆಡಿಸಿದವಳು ಎಂದರು, ನಾಲಿಗೆಗೆ ಬಂದದ್ದೆಲ್ಲ ಅಂದರು. ಮಾಲೆ ತಂದವನೇ ಮಾಲೆಯನ್ನು ನೆಲಕ್ಕೆ ಹಾಕಿ ತುಳಿದ. ಅಂದು ಸಂಜೆಯೊಳಗೆ ಹತ್ತು ಮನೆಯವರು ಹೋಗಿ ತಮ್ಮ ಹಸಿ ಬಟ್ಟೆಗಳನ್ನು ಗಂಟು ಕಟ್ಟಿಕೊಂಡು ಬಂದರು. ದುರಗಪ್ಪನ ಬಟ್ಟೆ ಮಾತ್ರ ಹಗ್ಗದ ಮೇಲೆ ಉಳಿಯಿತು. ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಕೂತಿದ್ದೆ. ನನ್ನ ಮೇಲೆ ನನಗೆ ಹೇಸಿಗೆಯಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮರುದಿನ ಮತ್ತೆ ಸಭೆ ಸೇರಿತು. ತಂಗೆವ್ವನನ್ನು ಊರು ಬಿಡಿಸುವ ಮಾತೇ ಜೋರಾಗಿತ್ತು. ಅವಳು ದೂರದಲ್ಲಿ ಕೆಳಗೆ ಕೂತು ನೆಲ ನೋಡುತ್ತಿದ್ದಳು. ಆಗ ನನ್ನ ಕಾಲುಗಳು ಅದು ಹೇಗೋ ಎದ್ದು ನಿಂತವು. "ಗೌಡ್ರ, ಆಕಿ ಹೇಳಿದ್ದು ಖರೇ ಐತಿ," ಅಂದೆ. ದನಿ ನನಗೇ ಗುರುತು ಸಿಗಲಿಲ್ಲ. "ನಾಕು ವರ್ಷದ ಹಿಂದ ನಿಮ್ಮ ಜೇಬಿನ್ಯಾಗ ದುರಗಪ್ಪನ ಮನೀ ಚರ್ಮದ ಚೂರು ಸಿಕ್ಕಿತ್ತು. ನಾ ತಗದು ಒಗದೆ. ನಿಮಗ ಒಂದು ಗುಳ್ಳೀನೂ ಏಳಲಿಲ್ಲ. ಆ ಅಂಗೀ ಹಾಕ್ಕೊಂಡ ನೀವು ಎಲೆಕ್ಷನ್ ಗೆದ್ರಿ."

ಯಾರೋ ಕಿಸಕ್ಕನೆ ನಕ್ಕರು. ಗೌಡರ ಮುಖ ಕೆಂಪಗಾಯಿತು. ಆದರೆ ಅವರು ಬಾಯಿ ತೆರೆಯುವ ಮೊದಲೇ ಕಟ್ಟೆಯ ಹಿಂದಿನಿಂದ ಕೋಲಿನ ಸದ್ದು ಬಂತು. ಗೌಡರ ತಾಯಿ ಗೌರಮ್ಮಗೌಡ್ತಿ, ಎಂಬತ್ತು ದಾಟಿದವರು, ಹಬ್ಬ ಹುಣ್ಣಿಮೆಗೂ ವಾಡೆ ಬಿಟ್ಟು ಹೊರಗೆ ಬಾರದವರು, ಸೊಸೆಯ ಹೆಗಲು ಹಿಡಿದು ಬಂದು ನಿಂತರು.

"ನನ್ನ ಮಡಿ ಸೀರೀನೂ ಅದ ದೋಣ್ಯಾಗ ತೊಳೀತಿದ್ದೇನು ತಂಗಿ?"

"ಹೂನ್ರವ್ವಾ."

"ಅದನ್ನ ಉಟ್ಟ ನಾ ಪೂಜಿ ಮಾಡೀನಿ. ದೇವರು ಒಂದು ದಿನ ಮಾರಿ ತಿರಿವಿಲ್ಲ. ನಿಮಗೇನಾಗೇತಿ? ಈಕೀ ಸುಳ್ಳು ಹೇಳಿದ್ರ ಎರಡೆಕರೆ ಬರತಿತ್ತು, ಖರೇ ಹೇಳಿ ಹತ್ತು ಮನೀ ಕಳಕೊಂಡ್ಲು. ಇಂಥಾಕೀ ಮಾತು ನಂಬದಿದ್ರ ಮತ್ಯಾರ ಮಾತು ನಂಬ್ತೀರಿ? ತಗಡಿನ ಷೆಡ್ಡಿನ್ಯಾಗ ನಾ ಸಾಯಂಗಿಲ್ಲ. ಗುದ್ದಲಿ ಹಿಡೀರಿ."

ಮೊದಲ ಗುದ್ದಲಿ ಹಾಕಿದವನು ದುರಗಪ್ಪ. ಎರಡನೆಯದು ನಾನು ಹಾಕಿದೆ. ಸೂಜಿ ಹಿಡಿದ ಕೈ, ಅರ್ಧ ಗಂಟೆಯಲ್ಲಿ ಅಂಗೈ ತುಂಬ ಬೊಕ್ಕೆ. ಆದರೂ ಅವತ್ತು ಮಲಗಿದಾಗ ಎಷ್ಟೋ ವರ್ಷಗಳ ಮೇಲೆ ನನಗೆ ಒಳ್ಳೆಯ ನಿದ್ದೆ ಬಂತು. ನಾಲ್ಕೂ ಓಣಿಗಳಲ್ಲಿ ಕಾಲುವೆ ತೋಡಿ, ಇಂಜಿನಿಯರು ಬಿಟ್ಟುಹೋದ ಕೊಳವೆಗಳನ್ನು ಕೂರಿಸಿ, ಎಲ್ಲವನ್ನೂ ಕಟ್ಟೆಯ ಬಳಿ ಕೂಡಿಸಿ ಕೆರೆಯ ಮೂಲೆಗೆ ಒಯ್ದೆವು. ಅಲ್ಲಿಂದ ಮುಂದಿನದು ತಂಗೆವ್ವನ ಆಳ್ವಿಕೆ. ಮೊದಲು ಗಸಿ ಇಳಿಯಲು ಆಳುದ್ದದ ಹೊಂಡ. ಅದಾದ ಮೇಲೆ ಹರಳುಕಲ್ಲು ತುಂಬಿದ ಅಗಲ ಪಾತಿ. ಆಮೇಲೆ ಮೂರು ಸಾಲು ಜೊಂಡು. ಕೊನೆಗೆ ಬಯಲಿಗೆ ತೆರೆದ ಕೊಳ. ಜೊಂಡಿನ ಗಡ್ಡೆಯನ್ನು ಯಾವ ಆಳಕ್ಕೆ ಊರಬೇಕು, ಯಾವ ತಿಂಗಳಲ್ಲಿ ಕೊಯ್ಯಬೇಕು, ಎಷ್ಟು ಬುಡ ಬಿಡಬೇಕು ಎಂದು ಅವಳು ಮೊಣಕಾಲುದ್ದ ಕೆಸರಲ್ಲಿ ನಿಂತು ಹೇಳುತ್ತಿದ್ದಳು. ಅವಳನ್ನು ಮೋಸಗಾತಿ ಎಂದವರೇ ಕೈಕಟ್ಟಿ ಕೇಳುತ್ತಿದ್ದರು. ಹರಿವು ಜೋರಾಗಲಿ ಎಂದು ಯಾರೋ ಕಾಲುವೆಯನ್ನು ಇಳಿಜಾರು ಮಾಡಲು ಹೋದರೆ ಗದರಿದಳು. "ನೀರಿಗೆ ಅವಸರ ಮಾಡಬ್ಯಾಡ್ರಿ. ಅರಿವಿ ನೆನೀಬೇಕಲ್ಲ, ಹಂಗ ನೀರೂ ಕುಂತು ನೆನೀಬೇಕು. ಹೊಲಸು ತಾನ ಬಿಡತೈತಿ."

ಆ ಎರಡು ತಿಂಗಳು ಅವಳ ಒಲೆ ಹೇಗೆ ಉರಿಯಿತೋ ನಾನು ಬಲ್ಲೆ. ದುರಗಪ್ಪನ ಮನೆಯ ರೊಟ್ಟಿ, ನರ್ಸಬಾಯಿಯ ಮನೆಯ ಬೇಳೆ. ಕೆಲಸ ಹೇಳಿಸಿಕೊಂಡವರಲ್ಲಿ ದುರಗಪ್ಪನ ಹೊರತು ಒಬ್ಬರೂ ಬಟ್ಟೆ ಮಾತ್ರ ಕೊಡಲಿಲ್ಲ. ಅವಳು ಯಾರನ್ನೂ ಕೇಳಲೂ ಇಲ್ಲ. ಮೂರನೆಯ ಮುಂಜಾನೆ ನೀರು ಮರಳಿ ಬಂದರೆ ನಾನೇ ಗಂಟು ಕಟ್ಟಿಕೊಂಡು ಹೊರಡುತ್ತೇನೆ, ನೀವು ಹೇಳಬೇಕಿಲ್ಲ ಎಂದಷ್ಟೇ ಗೌಡರಿಗೆ ತಿಳಿಸಿದ್ದಳು.

ಕಾಲುವೆಗೆ ನೀರು ಬಿಟ್ಟೆವು. ಅಂದು ಊರವರು ಸೇಡು ತೀರಿಸಿಕೊಂಡ ಹಾಗೆ ಮಿಂದರು. ಮೂರನೆಯ ಮುಂಜಾನೆ, ಇನ್ನೂ ಬೆಳ್ಳಿ ಮೂಡಿರುವಾಗಲೇ, ಅರವತ್ತು ಮನೆಯವರೂ ಕಟ್ಟೆಯ ಸುತ್ತ ನೆರೆದೆವು. ತಂಗೆವ್ವ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಪಕ್ಕದಲ್ಲಿ ನಿಜವಾಗಿಯೂ ಕಟ್ಟಿದ ಗಂಟಿತ್ತು.

ನೀರು ಬಂತು. ಕೆರೆಯ ದಾರಿ ತುಂಬ ಅಗಲವಾಗಿ, ಕಪ್ಪಗೆ, ಸದ್ದಿಲ್ಲದೆ ಏರಿ ಬಂತು. ಹೆಂಗಸೊಬ್ಬಳು ಅಳತೊಡಗಿದಳು. ಕಟ್ಟೆಯ ಬುಡ ಮುಟ್ಟಿದ ನೀರು ಅಲ್ಲಿ ನಿಂತಿತು. ಗೇಣುದ್ದ ಉಬ್ಬಿತು. ಗೌಡರ ಓಣಿಯತ್ತ ಒಂದಿಷ್ಟು ವಾಲಿತು, ದುರಗಪ್ಪನ ಓಣಿಯತ್ತ ಒಂದಿಷ್ಟು ವಾಲಿತು, ನಾಲ್ಕೂ ಕಡೆಯಿಂದ ಕರೆದರೆ ಕೂಸು ತಬ್ಬಿಬ್ಬಾಗಿ ನಿಲ್ಲುತ್ತದಲ್ಲ, ಹಾಗೆ ನಿಂತಿತು. ನೋಡು ನೋಡುತ್ತಿದ್ದಂತೆ ಅದು ಇಳಿಯಿತು, ತಿರುಗಿತು, ಬಂದ ದಾರಿ ಹಿಡಿದು ಕೆರೆಯ ಕಡೆ ಹೊರಟಿತು. ನಾನು ಜೀವಮಾನದಲ್ಲಿ ಅಂಥ ಕೂಗು ಕೇಳಿಲ್ಲ. ದುರಗಪ್ಪ ಮೊಮ್ಮಗಳನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದಿದ್ದ.

ಆದರೆ ಎಲ್ಲ ನೀರೂ ತಿರುಗಿರಲಿಲ್ಲ. ಬೆರಳಗಲದ ಒಂದು ಎಳೆ ಗುಂಪಿನಿಂದ ಬಿಡಿಸಿಕೊಂಡು, ಗಂಧದ ಸೋಪಿನ ವಾಸನೆ ಬೀರುತ್ತ, ಗೌಡರ ಓಣಿಗೆ ನೇರ ನಡೆಯಿತು. ಊರಿಗೆ ಊರೇ ಅದರ ಹಿಂದೆ ನಡೆದೆವು. ಅದು ವಾಡೆಯ ಹೊಸ್ತಿಲಿಗೆ ಹೋಗಿ, ಮುಂದಾಗಿ ಓಡಿ ಅಲ್ಲಿ ನಿಂತಿದ್ದ ರಾಯನಗೌಡರ ಕಾಲುಗಳ ಸುತ್ತ ಸಾಕಿದ ನಾಯಿಯ ಹಾಗೆ ಮಲಗಿತು. ಆಗ ಗುಟ್ಟು ರಟ್ಟಾಯಿತು. ಗಟ್ಟಿಯಾಗಲಿ ಎಂಬ ನೆಪ ಹೇಳಿ ಗೌಡರು ತಮ್ಮ ಓಣಿಯ ಕಾಲುವೆಯ ಅಡಿಯಲ್ಲಿ ಇನ್ನೊಂದು ಕೊಳವೆ ಹಾಕಿಸಿದ್ದರು. ಅವರ ಮನೆಯ ನೀರು ಯಾರದನ್ನೂ ಮುಟ್ಟದೆ ಬೇರೆಯಾಗಿ ಕೆರೆಯ ಆಚೆ ದಂಡೆಗೆ ಬೀಳುತ್ತಿತ್ತು.

ಯಾರೂ ಬಯ್ಯಲಿಲ್ಲ. ನಕ್ಕರು. ಗೌಡರ ಓಣಿಯವರೇ ಮೊದಲು ನಕ್ಕರು. ಗೌರಮ್ಮಗೌಡ್ತಿ ಬಾಗಿಲಲ್ಲಿ ಬಂದು ನಿಂತು, "ರಾಯಾ, ಊರಾಗ ಅರವತ್ತು ಹೊಸ್ತಿಲ, ನಂದೊಂದ ನಾರೂದು," ಅಂದರು. ಅಷ್ಟೇ ಅಂದದ್ದು. ಗೌಡರು ಬಹಳ ಹೊತ್ತು ತಮ್ಮ ಒದ್ದೆ ಕಾಲು ನೋಡಿಕೊಂಡರು. ಆಮೇಲೆ ಧೋತರ ಮೇಲೆ ಕಟ್ಟಿ, ದುರಗಪ್ಪ ಓಡಿಹೋಗಿ ತಂದ ಗುದ್ದಲಿಯನ್ನು ಅವನ ಕೈಯಿಂದ ಇಸಿದುಕೊಂಡು, ಓಣಿಯ ನಡುವೆ ತಾವೇ ಅಗೆಯತೊಡಗಿದರು. ಕೊಳವೆ ಸಿಕ್ಕಾಗ ಒಂದೇ ಏಟಿಗೆ ಒಡೆದರು. ಗೌಡರ ನೀರು ಎಲ್ಲರ ನೀರಿಗೆ ಬಿತ್ತು. ಮೆಚ್ಚಬೇಕು, ಆ ಏಟಿನಲ್ಲಿ ಕಳ್ಳತನವಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಒಂಟಿಯಾಗಿ ಕೂತಿದ್ದ ಗಂಟನ್ನು ನಾನು ತೆಗೆದು ಒಳಗಿಟ್ಟೆ.

ಅದಾದ ಮೂರನೆಯ ಮುಂಜಾನೆ ನೀರು ಕಟ್ಟೆಯವರೆಗೂ ಬರಲಿಲ್ಲ. ಕೆರೆಯ ಏರಿಗೂ ಬರಲಿಲ್ಲ. ಜೊಂಡಿನ ಬುಡದಲ್ಲಿ ಕೂತು ನೆನೆಯುತ್ತಿತ್ತು, ಆಚೆಯ ಕೊಳದಲ್ಲಿ ತಿಳಿಯಾಗಿ ಬೀಳುತ್ತಿತ್ತು. ಊರಲ್ಲಿ ಅರವತ್ತು ಹೊಸ್ತಿಲುಗಳು ಒಣಗಿದ್ದವು. ಜನ ಬಾಗಿಲು ತೆಗೆದು, ಅಂಗೈಯಿಂದ ನೆಲ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಆ ವಾರ ರಂಗೋಲಿ ಹುಡಿಯವನನ್ನು ಅಗಸೆಯಲ್ಲಿ ಹಿಡಿದು ಒಳಗೆ ಕರೆತಂದರು. ಅವನ ಎರಡೂ ಬುಟ್ಟಿ ಅರ್ಧ ಓಣಿಗೂ ಸಾಲಲಿಲ್ಲ. ನಮ್ಮ ಹೆಂಗಸರಿಗೆ ಚುಕ್ಕಿ ಇಡಲು ಬರುತ್ತಿರಲಿಲ್ಲ. ಗೌಡರ ಹೊಸ ಸೊಸೆಯೊಬ್ಬಳಿಗೇ ಬರುತ್ತಿತ್ತು, ಅವಳು ಮನೆ ಮನೆಗೆ ಹೋಗಿ ಕಲಿಸಿದಳು. ಅವಳ ತಾಯಿ ಪಕ್ಕದ ಊರಿನಿಂದ ಏದುಸಿರು ಬಿಡುತ್ತ ಬಂದಳು. "ಇಷ್ಟ ಲಗೂ ಮಗಳ ನೀರು ನಿಲ್ಲೂದಲ್ಲ, ಏನಾತಂತ ಎದಿ ಒಡದ ಹೋಗಿತ್ತು," ಎಂದು ಓಣಿಯ ತುದಿಯಿಂದಲೇ ಅಳುತ್ತ ಬಂದವಳು, ದುರಗಪ್ಪನ ಬಾಗಿಲಲ್ಲಿ ಮಗಳು ಕುಕ್ಕರುಗಾಲಲ್ಲಿ ಕೂತು, ಮೂಗಿಗೆಲ್ಲ ಹುಡಿ ಬಳಿದುಕೊಂಡು ತಾವರೆ ಬಿಡಿಸುತ್ತಿರುವುದನ್ನು ಕಂಡು ಅಲ್ಲೇ ನಿಂತಳು.

ಇನ್ನು ಉಳಿದದ್ದು ತಂಗೆವ್ವನ ಲೆಕ್ಕ. ಮುಂದಿನ ಸೋಮವಾರ ಬೆಳಗ್ಗೆ ನಾನು ಗೆದ್ದವನಂತೆ ಎದೆಯುಬ್ಬಿಸಿ ನನ್ನ ಎರಡು ಅಂಗಿಗಳನ್ನು ಹಿಡಿದುಕೊಂಡು ಕೆರೆಗೆ ಹೋದೆ. ನೋಡಿದರೆ ನನ್ನ ಮುಂದೆ ದಂಡೆಯುದ್ದಕ್ಕೂ ಸಾಲು. ಅರವತ್ತು ಮನೆಯವರಲ್ಲಿ ಬಾರದವರೇ ಕಡಿಮೆ. ಎಲ್ಲರ ಕಂಕುಳಲ್ಲೂ ಗಂಟು. ಹನ್ನೊಂದು ಬಾನಿಗಳು ಎಂದಿನಂತೆ ಸಾಲಾಗಿದ್ದವು. ತಂಗೆವ್ವ ಸೀರೆ ಮೇಲೆ ಸಿಕ್ಕಿಸಿಕೊಂಡು ಅವುಗಳ ಪಕ್ಕದಲ್ಲಿ ನಿಂತಿದ್ದಳು. ಸಾಲಿನ ಮೊದಲಿಗೆ ರಾಯನಗೌಡರು, ತಮ್ಮ ಗಂಟನ್ನು ಹುಟ್ಟಿದಾಗಿನಿಂದ ಮೊದಲ ಸಲ ತಾವೇ ಹೊತ್ತುಕೊಂಡು ಬಂದವರು. ಹಳೆಯ ಹತ್ತು ಮನೆಯವರು ಅವರ ಬೆನ್ನನ್ನೇ ನೋಡುತ್ತಿದ್ದರು.

ತಂಗೆವ್ವ ಮೊದಲ ಬಾನಿಯ ಅಂಚಿನ ಮೇಲೆ ಕೈಯಿಟ್ಟಳು. ಅವಳ ತುಟಿ ಬಿಗಿದಿತ್ತು, ಆದರೆ ಕಣ್ಣಲ್ಲಿ ತುಂಟತನವಿತ್ತು. "ಗೌಡ್ರ, ಯಾವ ಬಾನ್ಯಾಗ ಹಾಕ್ಲಿ?"

ಗೌಡರು ಬಾನಿ ನೋಡಿದರು, ಅವಳನ್ನು ನೋಡಿದರು. ಆಮೇಲೆ ತಮ್ಮ ಬಾನಿಯನ್ನು ದಾಟಿದರು. ಎರಡನೆಯದನ್ನು ದಾಟಿದರು. ಒಂದೊಂದಾಗಿ ಹನ್ನೊಂದನ್ನೂ ದಾಟಿ, ಜೊಂಡು ಸರಿಸಿಕೊಂಡು ಹಿಂದಕ್ಕೆ ಹೋದರು. ದುರಗಪ್ಪನ ಮೊಮ್ಮಗಳ ಕುಂಚಿಗೆ, ಲಂಗೋಟಿಗಳು ನೆನೆಯುತ್ತಿದ್ದ ಕಲ್ಲುದೋಣಿಯೊಳಗೆ ಅವರ ಗಂಟು ದೊಪ್ಪೆಂದು ಬಿದ್ದ ಸದ್ದು ನಮಗೆಲ್ಲ ಕೇಳಿಸಿತು.

"ಮುಂದಿನವರು ಬರ್ರಿ," ಎಂದು ತಂಗೆವ್ವ ಕೂಗಿದಳು. ಅವಳ ದನಿ ಕೆರೆಯ ಆಚೆ ದಂಡೆಯವರೆಗೂ ಹೋಯಿತು.